ಖಂಡೂರಿ ಯಾಕೆ ಸೋತರು? ರಸ್ತೆ ಮಾಡಿದ ಮೇಜರ್ ಜನರಲ್ ಒಬ್ಬರ ಕಥೆ

ಪುಣೆಯಲ್ಲಿ ಇರೋರಿಗೆ ಮೊದಲು ಒಂದು ಪ್ರಶ್ನೆ. ಶುಕ್ರವಾರ ರಾತ್ರಿ ವಾಕಡ್ ಬ್ರಿಜ್ ಹತ್ರ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು, ಬಸ್ ಡ್ರೈವರ್‌ಗೆ ಫೋನ್ ಮೇಲೆ ಫೋನ್ ಮಾಡ್ತಾ ನಿಂತಿದ್ದೀರಾ? ನಾನಂತೂ ಲೆಕ್ಕ ಇಲ್ಲದಷ್ಟು ಸಲ ನಿಂತಿದ್ದೀನಿ. ಬಸ್ ಹತ್ತಿ ಮಲಗಿದ್ರೆ ಸಾತಾರಾ, ಕೊಲ್ಹಾಪುರ ಗೊತ್ತೇ ಆಗಲ್ಲ. ನಿಪ್ಪಾಣಿ ದಾಟಿದ ಮೇಲೆ ಎಲ್ಲೋ ಒಂದು ಕಡೆ ಟೀಗೆ ನಿಲ್ಲಿಸ್ತಾರೆ, ಅಲ್ಲಿ ಕನ್ನಡ ಬೋರ್ಡ್ ಕಾಣುತ್ತೆ, ಅರ್ಧ ಮನೆಗೆ ಬಂದ ಹಾಗೆ ಆಗುತ್ತೆ. ಬೆಳಿಗ್ಗೆ ದಾವಣಗೆರೆ.

ನಾನು ಚಿಕ್ಕವನಿದ್ದಾಗ ಇದೇ ರಸ್ತೆ ಹೀಗಿರಲಿಲ್ಲ. ಹೋಗೋಕೂ ಬರೋಕೂ ಅದೇ ಒಂದು ಪಟ್ಟಿ. ಎದುರಿಗೆ ಲಾರಿ ಬಂದ್ರೆ ಬಸ್ಸಿನ ಎಡಗಡೆ ಗಾಲಿ ಮಣ್ಣಿಗೆ ಇಳೀಬೇಕು. ರಾತ್ರಿ ಪ್ರಯಾಣ ಅಂದ್ರೆ ಅಮ್ಮ ದೇವರಿಗೆ ಕೈಮುಗಿದೇ ಕಳಿಸ್ತಿದ್ರು.

ಈ ರಸ್ತೆ ನಾಲ್ಕು ಪಥ ಆಗುತ್ತಿದ್ದ ಕಾಲದಲ್ಲಿ ದೆಹಲಿಯಲ್ಲಿ ಹೆದ್ದಾರಿ ಖಾತೆ ಯಾರ ಹತ್ರ ಇತ್ತು ಅಂತ ಕೇಳಿದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲ್ಲ. ವಾಜಪೇಯಿ ಹೆಸರು ಗೊತ್ತು. ಸುವರ್ಣ ಚತುಷ್ಪಥ ಗೊತ್ತು. ಮಧ್ಯದಲ್ಲಿ ಕೆಲಸ ಮಾಡಿಸಿದವರ ಹೆಸರು ಮರೆತುಹೋಗಿದೆ. ಅವರು ಮೇಜರ್ ಜನರಲ್ ಭುವನ್ ಚಂದ್ರ ಖಂಡೂರಿ. ಸೈನ್ಯದ ಎಂಜಿನಿಯರ್. ಆಮೇಲೆ ಸಂಸದ, ಕೇಂದ್ರ ಸಚಿವ, ಕೊನೆಗೆ ಉತ್ತರಾಖಂಡದ ಶಾಸಕ ಮತ್ತು ಎರಡು ಸಲ ಮುಖ್ಯಮಂತ್ರಿ.

ಇವತ್ತು ಅವರ ಬಗ್ಗೆ ಯಾಕೆ ಮಾತಾಡಬೇಕು ಅನ್ನಿಸ್ತು ಅಂದ್ರೆ, ಪ್ರತಿ ಎಲೆಕ್ಷನ್ ಬಂದಾಗಲೂ ನಮ್ಮ ಆಫೀಸ್ ಕ್ಯಾಂಟೀನ್‌ನಲ್ಲಿ ಒಂದು ಮಾತು ಬಂದೇ ಬರುತ್ತೆ. ‘ಈ ದೇಶನ ಒಂದೈದು ವರ್ಷ ಮಿಲಿಟರಿಯವರ ಕೈಗೆ ಕೊಡ್ಬೇಕು ಕಣೋ, ಎಲ್ಲ ತಾನಾಗೇ ಸರಿ ಹೋಗುತ್ತೆ.’ ನಾನೂ ಈ ಮಾತು ಹೇಳಿದವನೇ. ಶಿಸ್ತಿನ ಮನುಷ್ಯ, ದುಡ್ಡು ಮುಟ್ಟದ ಮನುಷ್ಯ, ಅದರ ಮೇಲೆ ಎಂಜಿನಿಯರ್. ಇನ್ನೇನು ಬೇಕು? ಅಂಥ ಒಬ್ಬ ಮನುಷ್ಯ ವೋಟು ಗೆದ್ದು ಬಂದು ಒಂದು ರಾಜ್ಯ ನಡೆಸಿದ್ರೆ ಏನಾಗುತ್ತೆ? ಅದು ಆಗಿಹೋಗಿದೆ. ಏನಾಯ್ತು ಅಂತ ನೋಡೋಣ. ಪಕ್ಷದ ವಿಷಯ ಪಕ್ಕಕ್ಕಿಡಿ. ಇದು ಪಕ್ಷದ ಕಥೆ ಅಲ್ಲ.

ಖಂಡೂರಿ ಹುಟ್ಟಿದ್ದು 1934ರ ಅಕ್ಟೋಬರ್ 1ರಂದು, ಡೆಹ್ರಾಡೂನ್‌ನಲ್ಲಿ. ಮನೆತನ ಪೌಡಿ ಗಢವಾಲ್ ಕಡೆಯದು. ಆ ಸೀಮೆಯ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕೊಡಗು ಹೇಗೋ, ಅಲ್ಲಿ ಗಢವಾಲ್, ಕುಮಾವೂಂ ಹಾಗೆ. ಪೌಡಿ ಜಿಲ್ಲೆಯ ಲ್ಯಾನ್ಸ್‌ಡೌನ್‌ನಲ್ಲಿ ಗಢವಾಲ್ ರೈಫಲ್ಸ್‌ನ ಕೇಂದ್ರ ಇದೆ, ಆ ಕಡೆ ರಾಣಿಖೇತ್‌ನಲ್ಲಿ ಕುಮಾವೂಂ ರೆಜಿಮೆಂಟ್‌ನದು. ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ ಇದ್ದಾರಲ್ಲ, ಅವರು ಹೈದರಾಬಾದ್ ರೆಜಿಮೆಂಟ್‌ನವರು. ಆ ರೆಜಿಮೆಂಟಿಗೇ ಆಮೇಲೆ ಕುಮಾವೂಂ ರೆಜಿಮೆಂಟ್ ಅಂತ ಹೆಸರಾಯ್ತು. ಗಢವಾಲಿನ ಬೆಟ್ಟಗಳಲ್ಲಿ ಸೈನ್ಯದ ನಂಟಿಲ್ಲದ ಮನೆ ಹುಡುಕಬೇಕು. ಊರಲ್ಲಿ ಹೊಲ ಕಡಿಮೆ, ಗಂಡಸರು ಫೌಜಿಗೆ, ಮನೆ ನಡೆಯೋದು ಮನಿಯಾರ್ಡರ್ ಮೇಲೆ.

ಖಂಡೂರಿಯವರ ತಂದೆ ಪತ್ರಕರ್ತರು. ತಾಯಿಯ ಕಡೆಯಿಂದ ಹೇಮವತಿ ನಂದನ್ ಬಹುಗುಣ ಅವರ ಸಂಬಂಧ, ಅಂದ್ರೆ ಉತ್ತರ ಪ್ರದೇಶದ ಮುಖ್ಯಮಂತ್ರಿ ಆಗಿದ್ದವರು. ಹಾಗಾಗಿ ರಾಜಕೀಯ ಮನೆಗೆ ಹೊಸದಲ್ಲ. ಆದ್ರೆ ಇವರು ಆರಿಸಿಕೊಂಡಿದ್ದು ಸೈನ್ಯ. 1954ರಲ್ಲಿ ಸೇರಿದ್ದು ಕೋರ್ ಆಫ್ ಎಂಜಿನಿಯರ್ಸ್. ಬೆಂಗಳೂರಿನ ಹಲಸೂರು ಕೆರೆ ಹತ್ರ ಮದ್ರಾಸ್ ಸ್ಯಾಪರ್ಸ್ ಕೇಂದ್ರ ನೋಡಿದ್ದೀರಲ್ಲ, ಅದೂ ಇದೇ ಕೋರ್‌ನ ಭಾಗ. ಈ ಎಂಜಿನಿಯರ್‌ಗಳ ಕೆಲಸ ಏನು? ಸೈನ್ಯ ಮುಂದೆ ಹೋಗಬೇಕಾದ್ರೆ ಸೇತುವೆ ಕಟ್ಟೋದು, ನೆಲಬಾಂಬ್ ತೆಗೆಯೋದು, ದಾರಿ ಇಲ್ಲದ ಕಡೆ ದಾರಿ ಮಾಡೋದು. ಬೆಳಗಾಗೋದ್ರೊಳಗೆ ಸೇತುವೆ ಆಗಬೇಕು ಅಂದ್ರೆ ಆಗಬೇಕು. ‘ಮುಂದಿನ ಸ್ಪ್ರಿಂಟ್‌ಗೆ ಹಾಕೋಣ’ ಅನ್ನೋ ಹಾಗಿಲ್ಲ.

ಇನ್ನೊಂದು ಸ್ವಾರಸ್ಯ ಇದೆ. ಅವರು ಓದಿದ್ದು ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಪುಣೆಯ ಕಾಲೇಜ್ ಆಫ್ ಮಿಲಿಟರಿ ಎಂಜಿನಿಯರಿಂಗ್‌ನಲ್ಲಿ, ಮುಂದೆ ಸಿಕಂದರಾಬಾದ್‌ನ ಡಿಫೆನ್ಸ್ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ. ಶಿವಾಜಿನಗರದಿಂದ ಪಿಂಪ್ರಿ ಕಡೆ ಹೋಗುವಾಗ ದಾಪೋಡಿಯಲ್ಲಿ ರಸ್ತೆ ಪಕ್ಕ ಉದ್ದಕ್ಕೂ ಒಂದು ಕಾಂಪೌಂಡ್ ಬರುತ್ತಲ್ಲ, ಅದೇ ಸಿಎಂಇ. ಹೈದರಾಬಾದ್‌ನಲ್ಲಿರೋರು ಸೈನಿಕ್‌ಪುರಿ ಕಡೆ ಹೋದಾಗ ಆ ಇನ್ನೊಂದನ್ನು ನೋಡಿರಬಹುದು. ನಾವು ದಿನಾ ಓಡಾಡೋ ಊರುಗಳಲ್ಲೇ ಈ ಮನುಷ್ಯ ತಯಾರಾಗಿದ್ದು.

36 ವರ್ಷ ಸೇವೆ, ಅತಿ ವಿಶಿಷ್ಟ ಸೇವಾ ಪದಕ, 1990ರಲ್ಲಿ ಮೇಜರ್ ಜನರಲ್ ಆಗಿ ನಿವೃತ್ತಿ. ಮರುವರ್ಷವೇ ಬಿಜೆಪಿಯಿಂದ ಗಢವಾಲ್ ಲೋಕಸಭಾ ಸ್ಥಾನಕ್ಕೆ ನಿಂತು ಗೆದ್ದರು. 1996ರಲ್ಲಿ ಸೋತರು. 1998, 1999ರಲ್ಲಿ ಮತ್ತೆ ಗೆದ್ದರು. ಇಲ್ಲಿಯವರೆಗಿನದ್ದು ನಿವೃತ್ತಿಯಾದ ಮೇಲೆ ರಾಜಕೀಯಕ್ಕೆ ಬಂದ ಎಷ್ಟೋ ಅಧಿಕಾರಿಗಳ ಕಥೆಯೇ. ಕಥೆ ಬೇರೆ ಆಗೋದು 2000ರ ನವೆಂಬರ್‌ನಲ್ಲಿ.

ಆ ತಿಂಗಳು 7ನೇ ತಾರೀಕು ವಾಜಪೇಯಿ ಇವರನ್ನು ರಸ್ತೆ ಸಾರಿಗೆ ಮತ್ತು ಹೆದ್ದಾರಿ ಖಾತೆಗೆ ಸ್ವತಂತ್ರ ಹೊಣೆಯ ರಾಜ್ಯ ಸಚಿವರನ್ನಾಗಿ ಮಾಡಿದರು. ಎರಡು ದಿನ ಬಿಟ್ಟು, 9ನೇ ತಾರೀಕು, ಉತ್ತರಾಖಂಡ ಅನ್ನೋ ಹೊಸ ರಾಜ್ಯ ಹುಟ್ಟಿತು. ಆಗ ಅದಕ್ಕೆ ಉತ್ತರಾಂಚಲ ಅಂತ ಹೆಸರು. 2003ರಲ್ಲಿ ಖಂಡೂರಿ ಅದೇ ಖಾತೆಯಲ್ಲಿ ಸಂಪುಟ ದರ್ಜೆಗೆ ಏರಿದರು.

ಒಂದು ವಿಷಯ ಸರಿಯಾಗಿ ಹೇಳಿಬಿಡಬೇಕು. ಸುವರ್ಣ ಚತುಷ್ಪಥದ ಕಲ್ಪನೆ ಅವರದಲ್ಲ. ಹೆದ್ದಾರಿ ಅಭಿವೃದ್ಧಿ ಯೋಜನೆ ಘೋಷಣೆಯಾಗಿದ್ದು 1998ರಲ್ಲಿ, ಶಂಕುಸ್ಥಾಪನೆ ಆಗಿದ್ದು 1999ರ ಜನವರಿಯಲ್ಲಿ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಾ ಸೇರಿಸುವ 5,846 ಕಿಲೋಮೀಟರ್. ಅದರ ಜೊತೆಗೆ ಶ್ರೀನಗರದಿಂದ ಕನ್ಯಾಕುಮಾರಿಗೆ ಒಂದು, ಸಿಲ್ಚರ್‌ನಿಂದ ಪೋರಬಂದರ್‌ಗೆ ಒಂದು ಕಾರಿಡಾರ್. ಮ್ಯಾಪ್ ಕಣ್ಣ ಮುಂದೆ ತಂದುಕೊಳ್ಳಿ. ನಮ್ಮವರು ಹೆಚ್ಚಾಗಿ ಇರೋ ಮುಂಬೈ, ಪುಣೆ, ಚೆನ್ನೈ, ದೆಹಲಿ ಚತುಷ್ಪಥದ ಮೇಲಿವೆ. ಹೈದರಾಬಾದ್ ಉತ್ತರ-ದಕ್ಷಿಣ ಕಾರಿಡಾರ್ ಮೇಲಿದೆ. ಊರಿಗೆ ಹೋಗೋಕೆ ಟ್ರೈನ್ ಟಿಕೆಟ್ ಸಿಗದಾಗ ನಾವೆಲ್ಲ ನಂಬಿರೋದು ಇದನ್ನೇ.

ಕಾಗದದ ಮೇಲಿದ್ದದ್ದನ್ನು ನೆಲದ ಮೇಲೆ ತರೋದು ಖಂಡೂರಿಯವರ ಪಾಲಿಗೆ ಬಂತು. ಇಡೀ ರಸ್ತೆಯನ್ನು ತುಂಡು ತುಂಡಾಗಿ ಪ್ಯಾಕೇಜ್ ಮಾಡಿ ಒಂದೊಂದಕ್ಕೂ ಬೇರೆ ಟೆಂಡರ್, ಬೇರೆ ಗುತ್ತಿಗೆದಾರ, ಬೇರೆ ಗಡುವು. ಎಲ್ಲ ಕಡೆ ಒಟ್ಟಿಗೆ ಕೆಲಸ ಶುರು. ಕೆಲಸ ಎಲ್ಲಿ ನಿಲ್ಲುತ್ತೆ ಅಂದ್ರೆ ಡಾಂಬರ್ ಹಾಕೋದ್ರಲ್ಲಿ ಅಲ್ಲ. ಜಮೀನು ಸಿಗಲ್ಲ, ಕರೆಂಟ್ ಕಂಬ ತೆಗೆಯಲ್ಲ, ರೈಲ್ವೆಯವರ ಒಪ್ಪಿಗೆ ಬರಲ್ಲ, ದಾರಿಯಲ್ಲೊಂದು ಗುಡಿ ಇರುತ್ತೆ. ಇದನ್ನೆಲ್ಲ ಬೆನ್ನು ಹತ್ತಿ ಬಿಡಿಸಬೇಕು. ಗಡುವು ತಪ್ಪಿದ್ರೆ ಕೇಳೋ ಮಂತ್ರಿ ಅನ್ನೋ ಹೆಸರು ಅವರಿಗೆ ಬಂದಿದ್ದು ಇಲ್ಲೇ. ವಾಜಪೇಯಿ ಸಂಪುಟದಲ್ಲಿ ಕೆಲಸ ಮಾಡಿ ತೋರಿಸಿದ ಮಂತ್ರಿಗಳ ಹೆಸರು ಹೇಳುವಾಗ ಇವತ್ತಿಗೂ ಖಂಡೂರಿ ಹೆಸರು ಬರುತ್ತೆ.

ದುಡ್ಡು ಎಲ್ಲಿಂದ ಬಂತು ಅನ್ನೋದು ಇನ್ನೂ ಮುಖ್ಯ. ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ 1 ರೂಪಾಯಿ ಸೆಸ್. ಅದು ಪ್ರತಿ ವರ್ಷ ಬಜೆಟ್‌ನಲ್ಲಿ ಕೈಚಾಚಿ ಕೇಳೋ ದುಡ್ಡಲ್ಲ. 2000ನೇ ಇಸವಿಯ ಕೇಂದ್ರ ರಸ್ತೆ ನಿಧಿ ಕಾಯ್ದೆ ಅದನ್ನು ಕಾನೂನಾಗಿ ಕಟ್ಟಿಹಾಕಿತು. ಈ ಮಾತು ನೆನಪಲ್ಲಿ ಇಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ಈ ಕಥೆಯಲ್ಲಿ ನನಗೆ ಅತಿ ಕಷ್ಟವಾದ ಭಾಗ. ಇದನ್ನು ಬಿಟ್ಟು ಖಂಡೂರಿಯವರನ್ನು ಹೊಗಳಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ.

ಸತ್ಯೇಂದ್ರ ದುಬೆ. ಐಐಟಿ ಕಾನ್ಪುರದಲ್ಲಿ ಸಿವಿಲ್ ಎಂಜಿನಿಯರಿಂಗ್, ಆಮೇಲೆ ಬನಾರಸ್‌ನಲ್ಲಿ ಎಂಟೆಕ್. ಹೆದ್ದಾರಿ ಪ್ರಾಧಿಕಾರದಲ್ಲಿ ಕೆಲಸ, ಝಾರ್ಖಂಡ್‌ನ ಕೋಡರ್ಮಾದಲ್ಲಿ ಇದೇ ಚತುಷ್ಪಥದ ಪ್ರಾಜೆಕ್ಟ್ ನೋಡಿಕೊಳ್ತಿದ್ದರು. ಅಲ್ಲಿ ಗುತ್ತಿಗೆಯಲ್ಲಿ ಅಕ್ರಮ, ಕಳಪೆ ಕೆಲಸ ಕಂಡಿದ್ದನ್ನು 2002ರ ನವೆಂಬರ್‌ನಲ್ಲಿ ನೇರ ಪ್ರಧಾನಿಗೆ ಪತ್ರ ಬರೆದರು. ನನ್ನ ಹೆಸರು ಹೊರಗೆ ಬಿಡಬೇಡಿ ಅಂತ ಕೇಳಿಕೊಂಡಿದ್ದರು. ಆ ಪತ್ರ ಹೆಸರಿನ ಸಮೇತ ಪ್ರಧಾನಿ ಕಚೇರಿಯಿಂದ ಸಾರಿಗೆ ಸಚಿವಾಲಯಕ್ಕೆ, ಅಲ್ಲಿಂದ ಪ್ರಾಧಿಕಾರಕ್ಕೆ, ಟೇಬಲ್‌ನಿಂದ ಟೇಬಲ್‌ಗೆ ಹೋಯ್ತು. 2003ರ ನವೆಂಬರ್ 27ರ ನಸುಕಿನಲ್ಲಿ, ಬನಾರಸ್‌ನಲ್ಲಿ ಒಂದು ಮದುವೆ ಮುಗಿಸಿಕೊಂಡು ಗಯಾ ಸ್ಟೇಷನ್‌ನಲ್ಲಿ ಇಳಿದು ರಿಕ್ಷಾದಲ್ಲಿ ಮನೆಗೆ ಹೋಗುವಾಗ ಅವರನ್ನು ಗುಂಡಿಕ್ಕಿ ಕೊಂದರು. ಅವತ್ತು ಅವರಿಗೆ 30 ತುಂಬಿದ ದಿನ.

ಸಿಬಿಐ ತನಿಖೆಯಲ್ಲಿ ಇದು ದರೋಡೆಗೆ ಬಂದವರ ಕೃತ್ಯ ಅಂತ ಬಂತು, 2010ರಲ್ಲಿ ಪಾಟ್ನಾದ ಕೋರ್ಟು ಮೂವರನ್ನು ತಪ್ಪಿತಸ್ಥರು ಅಂದಿತು. ಖಂಡೂರಿಯವರ ಮೇಲೆ ನಾನು ಏನನ್ನೂ ಹೊರಿಸ್ತಿಲ್ಲ. ನಾನು ಹೇಳ್ತಿರೋದು ಇಷ್ಟೇ. ಆಗ ಮಂತ್ರಿ ಪ್ರಾಮಾಣಿಕರು. ಪ್ರಧಾನಿಯ ಮೇಲೂ ಜನಕ್ಕೆ ನಂಬಿಕೆ ಇತ್ತು. ಆದ್ರೂ ಸತ್ಯ ಹೇಳಿದ ಒಬ್ಬ ಎಂಜಿನಿಯರ್‌ನ ಹೆಸರನ್ನು ಮುಚ್ಚಿಡೋಕೆ ಬೇಕಾದ ಒಂದು ಸಾದಾ ವ್ಯವಸ್ಥೆ ಇರಲಿಲ್ಲ. ಮೇಲೆ ಕೂತವರು ಒಳ್ಳೆಯವರು ಅನ್ನೋದು ಕೆಳಗೆ ಕೋಡರ್ಮಾದಲ್ಲಿ ಇದ್ದವರಿಗೆ ರಕ್ಷಣೆ ಆಗಲಿಲ್ಲ. ದೂರು ಕೊಟ್ಟವರನ್ನು ಕಾಪಾಡುವ ಕಾಯ್ದೆಯನ್ನು ಸಂಸತ್ತು ಪಾಸ್ ಮಾಡಿದ್ದು 2014ರಲ್ಲಿ. ಹತ್ತು ವರ್ಷ ಆದಮೇಲೆ.

ನಾನೂ ಎಂಟೆಕ್ ಮಾಡಿದವನು. ದುಬೆಯವರ ಬಗ್ಗೆ ಓದಿದಾಗಲೆಲ್ಲ, ನನ್ನ ಕೈಲಿ ಆ ಪತ್ರ ಬರೆಯೋಕೆ ಆಗ್ತಿತ್ತಾ ಅಂತ ಕೇಳಿಕೊಳ್ತೀನಿ. ಉತ್ತರ ಹೇಳೋಕೆ ನಾಚಿಕೆ ಆಗುತ್ತೆ.

ಮುಂದಕ್ಕೆ ಹೋಗೋಣ. 2004ರಲ್ಲಿ ಸರಕಾರ ಬಿತ್ತು. ಖಂಡೂರಿ ತಮ್ಮ ಕ್ಷೇತ್ರ ಗೆದ್ದರು, ಖಾತೆ ಹೋಯ್ತು. ರಸ್ತೆ ಇನ್ನೂ ಮುಗಿದಿರಲಿಲ್ಲ. ಆದ್ರೆ ನಿಲ್ಲಲೂ ಇಲ್ಲ. ನಿಧಾನ ಆಯ್ತು ಅಂತ ದೂರುಗಳು ಬಂದವು, ನಿಜ. ಆದ್ರೆ ಹೊಸ ಸರಕಾರ, ಬೇರೆ ಪಕ್ಷ, ಬೇರೆ ಮಂತ್ರಿ, ಅದೇ ಪ್ರಾಧಿಕಾರ, ಅದೇ ನಿಧಿ. ಕೊನೆಗೆ 2012ರ ಜನವರಿಯಲ್ಲಿ ಚತುಷ್ಪಥ ಪೂರ್ತಿಯಾಯ್ತು ಅಂತ ಘೋಷಿಸಿದರು. ಯಾಕೆ ನಿಲ್ಲಲಿಲ್ಲ? ಲೀಟರಿಗೆ 1 ರೂಪಾಯಿ ಅನ್ನೋದು ಯಾರ ಮನಸ್ಸಿನಲ್ಲೂ ಇರಲಿಲ್ಲ, ಕಾನೂನಿನಲ್ಲಿ ಇತ್ತು. ಮಂತ್ರಿ ಎದ್ದು ಹೋದ್ರೂ ದುಡ್ಡು ಬರ್ತಾನೇ ಇತ್ತು.

ಈಗ ಶಾಸಕ ಖಂಡೂರಿ.

2007ರ ಮಾರ್ಚ್‌ನಲ್ಲಿ ಉತ್ತರಾಖಂಡದಲ್ಲಿ ಬಿಜೆಪಿ ಅಧಿಕಾರಕ್ಕೆ ಬಂತು. ಸ್ವಂತ ಬಹುಮತ ಇರಲಿಲ್ಲ, ಉತ್ತರಾಖಂಡ ಕ್ರಾಂತಿ ದಳ ಮತ್ತು ಪಕ್ಷೇತರರ ಬೆಂಬಲ ಬೇಕಿತ್ತು. ಶಾಸಕರಲ್ಲಿ ಹಲವರ ಒಲವು ಇದ್ದಿದ್ದು ಭಗತ್ ಸಿಂಗ್ ಕೋಶ್ಯಾರಿ ಕಡೆ. ಮುಂಬೈ, ಪುಣೆಯವರಿಗೆ ಈ ಹೆಸರು ಗೊತ್ತು, ಆಮೇಲೆ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದರು. ಆದ್ರೆ ದೆಹಲಿಯ ವರಿಷ್ಠರು ಖಂಡೂರಿಯವರನ್ನು ಕಳಿಸಿದರು. ಆಗ ಅವರು ಶಾಸಕರೇ ಅಲ್ಲ, ಸಂಸದ. ಆರು ತಿಂಗಳೊಳಗೆ ವಿಧಾನಸಭೆಗೆ ಆರಿಸಿ ಬರಬೇಕು. ಆಗ ಒಂದು ತಮಾಷೆ ನಡೆಯಿತು. ಧೂಮಾಕೋಟ್ ಅನ್ನೋ ಬೆಟ್ಟದ ಕ್ಷೇತ್ರದ ಕಾಂಗ್ರೆಸ್ ಶಾಸಕ ಟಿ.ಪಿ.ಎಸ್. ರಾವತ್ ರಾಜೀನಾಮೆ ಕೊಟ್ಟು ಸೀಟು ಬಿಟ್ಟುಕೊಟ್ಟರು. ಅವರು ಯಾರು? ನಿವೃತ್ತ ಲೆಫ್ಟಿನೆಂಟ್ ಜನರಲ್! ಲೆಫ್ಟಿನೆಂಟ್ ಜನರಲ್ ಎದ್ದು ಮೇಜರ್ ಜನರಲ್‌ಗೆ ಕುರ್ಚಿ ಕೊಟ್ಟರು. ಆಮೇಲೆ ರಾವತ್ ಬಿಜೆಪಿ ಸೇರಿ, ಖಂಡೂರಿ ಖಾಲಿ ಮಾಡಿದ ಲೋಕಸಭಾ ಸ್ಥಾನದಿಂದ ಗೆದ್ದು ದೆಹಲಿಗೆ ಹೋದರು. ಕ್ಯಾಂಟೀನ್‌ನಲ್ಲಿ ನಾವು ಹೇಳ್ತೀವಲ್ಲ, ಮಿಲಿಟರಿಯವರು ಇದನ್ನೆಲ್ಲ ಮಾಡಲ್ಲ ಅಂತ? ರಾಜಕೀಯಕ್ಕೆ ಇಳಿದ ಮೇಲೆ ಅಲ್ಲಿಯ ಆಟ ಆಡಲೇಬೇಕು. ಶುದ್ಧ ಮನುಷ್ಯನಿಗೂ ಶುದ್ಧ ದಾರಿಯೇ ಸಿಗುತ್ತೆ ಅಂತಿಲ್ಲ.

ಮುಖ್ಯಮಂತ್ರಿಯಾಗಿ ಅವರು ಶಿಸ್ತು ತಂದರು. ಖರ್ಚಿಗೆ ಕಡಿವಾಣ, ಅಧಿಕಾರಿಗಳಿಗೆ ಗಡುವು, ವರ್ಗಾವಣೆಗೆ ಶಿಫಾರಸು ತರೋರಿಗೆ ಬಾಗಿಲು ಬಂದ್. 2008ರಲ್ಲಿ 108 ಆಂಬುಲೆನ್ಸ್ ಉತ್ತರಾಖಂಡಕ್ಕೆ ಬಂತು. ಹೈದರಾಬಾದ್‌ನಲ್ಲಿ ಹುಟ್ಟಿದ ವ್ಯವಸ್ಥೆ ಅದು. ಅದೇ ವರ್ಷ ಕರ್ನಾಟಕಕ್ಕೂ ಬಂತು. ರಸ್ತೆಯೇ ಸರಿಯಾಗಿಲ್ಲದ ಬೆಟ್ಟದಲ್ಲಿ ಹೆರಿಗೆ ನೋವಿನ ಹೆಂಗಸಿಗೆ ಫೋನ್ ಮಾಡಿದ್ರೆ ಗಾಡಿ ಬರುತ್ತೆ ಅಂದ್ರೆ ಅದು ಸಣ್ಣ ಮಾತಲ್ಲ.

ಆದ್ರೆ ವಿಧಾನಸಭೆ ರೆಜಿಮೆಂಟ್ ಅಲ್ಲ. ರೆಜಿಮೆಂಟಿನಲ್ಲಿ ಆರ್ಡರ್ ಮೇಲಿಂದ ಕೆಳಗೆ ಬರುತ್ತೆ. ಶಾಸಕನ ಕೆಲಸ ಉಲ್ಟಾ. ಊರಿಂದ ಒಬ್ಬ ಬರ್ತಾನೆ, ಮಗಳು ಟೀಚರ್, ದೂರದ ಬೆಟ್ಟದಲ್ಲಿ ಪೋಸ್ಟಿಂಗ್, ಹತ್ರ ಹಾಕಿಸಿಕೊಡಿ ಅಂತಾನೆ. ಶಾಸಕ ಆ ಚೀಟಿ ಹಿಡ್ಕೊಂಡು ಮುಖ್ಯಮಂತ್ರಿ ಹತ್ರ ಹೋಗ್ತಾನೆ. ಮುಖ್ಯಮಂತ್ರಿ ಆಗಲ್ಲ ಅಂತಾರೆ. ನಿಯಮದ ಪ್ರಕಾರ ಅವರು ಸರಿ. ಆದ್ರೆ ಶಾಸಕ ಊರಿಗೆ ಬರಿಗೈಲಿ ಹೋಗಬೇಕು. ಹೀಗೆ ಒಬ್ಬೊಬ್ಬರೇ ಮುನಿಸಿಕೊಂಡರು. ಆಡಳಿತವೆಲ್ಲ ಕೆಲವೇ ಅಧಿಕಾರಿಗಳ ಕೈಲಿದೆ, ಮುಖ್ಯಮಂತ್ರಿ ಯಾರಿಗೂ ಸಿಗಲ್ಲ ಅನ್ನೋ ದೂರು ಬೆಳೆಯಿತು. ಕೋಶ್ಯಾರಿ ಬಣದ ಶಾಸಕರ ಅಸಮಾಧಾನ ದೆಹಲಿವರೆಗೂ ಹೋಯ್ತು. 2009ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 5ಕ್ಕೆ 5 ಸ್ಥಾನಗಳನ್ನೂ ಬಿಜೆಪಿ ಸೋತಿತು. ಖಂಡೂರಿ ಹೊಣೆ ಹೊತ್ತು ಇಳಿದರು. ರಮೇಶ್ ಪೋಖ್ರಿಯಾಲ್ ನಿಶಂಕ್ ಬಂದರು.

ಟೀಮ್ ಲೀಡ್ ಆಗಿರೋರಿಗೆ ಈ ಭಾಗ ಚೆನ್ನಾಗಿ ಅರ್ಥ ಆಗುತ್ತೆ ಅಂದುಕೊಂಡಿದ್ದೀನಿ. ಕೋಡ್ ಚೆನ್ನಾಗಿ ಬರೆಯೋನು, ಒಂದು ತಪ್ಪನ್ನೂ ಬಿಡದೋನು, ಟೀಮಿನವರ ಜೊತೆ ಮಾತಾಡೋಕೆ ಪುರುಸೊತ್ತಿಲ್ಲದೋನು. ಅವನು ಹೇಳೋದು ಸರಿಯೇ ಇರುತ್ತೆ. ಆದ್ರೆ ಅವನು ರಜೆ ಹಾಕಿದ ದಿನ ಕೆಲಸ ನಿಂತುಹೋಗುತ್ತೆ.

2011. ದೇಶದ ತುಂಬ ಅಣ್ಣಾ ಹಜಾರೆ ಚಳವಳಿ. ಅದೇ ವರ್ಷ ಜುಲೈನಲ್ಲಿ ನಮ್ಮ ಕರ್ನಾಟಕದಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂತು, ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್ 11ರಂದು ಉತ್ತರಾಖಂಡದಲ್ಲಿ ನಿಶಂಕ್ ಇಳಿದು ಖಂಡೂರಿ ಮತ್ತೆ ಬಂದರು. ಚುನಾವಣೆಗೆ ಉಳಿದಿದ್ದು ನಾಲ್ಕೂವರೆ ತಿಂಗಳು. ಆಗ ಅವರು ಮಾಡಿದ ದೊಡ್ಡ ಕೆಲಸ ಲೋಕಾಯುಕ್ತ ಮಸೂದೆ. ಮುಖ್ಯಮಂತ್ರಿಯೂ ಅದರ ವ್ಯಾಪ್ತಿಯೊಳಗೆ. 2011ರ ನವೆಂಬರ್ 1ರಂದು ವಿಧಾನಸಭೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ರಾಜ್ಯೋತ್ಸವದ ದಿನವೇ! ಅಣ್ಣಾ ತಂಡದವರೇ ಮೆಚ್ಚಿದರು.

ನನ್ನ ಲೆಕ್ಕದಲ್ಲಿ ಖಂಡೂರಿ ತಮ್ಮ ಪ್ರಾಮಾಣಿಕತೆಯನ್ನು ತಮ್ಮಿಂದ ಹೊರಗೆ ತೆಗೆದು ಕಾನೂನಿನೊಳಗೆ ಹಾಕೋಕೆ ನೋಡಿದ್ದು ಆಗಲೇ. ಅವರು ಕುರ್ಚಿಯಲ್ಲಿ ಇಲ್ಲದಿದ್ದರೂ ಅದು ಕೆಲಸ ಮಾಡಬೇಕು ಅಂತ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕೆಟಿ ಕೊಡೋಕೆ ಕೂತಿದ್ದು ನೋಟಿಸ್ ಪೀರಿಯಡ್‌ನ ಕೊನೆ ವಾರದಲ್ಲಿ.

ಚುನಾವಣೆ ಬಂತು. ಪಕ್ಷದ ಘೋಷಣೆ, ‘ಖಂಡೂರಿ ಹೈ ಜರೂರಿ’. ಖಂಡೂರಿ ಬೇಕೇ ಬೇಕು ಅಂತ. ಪ್ರಾಸ ಚೆನ್ನಾಗಿದೆ. ಆದ್ರೆ ಗಮನಿಸಿ, ಲೋಕಾಯುಕ್ತ ಬೇಕು ಅಂತ ಅಲ್ಲ, ಕಾನೂನು ಬೇಕು ಅಂತ ಅಲ್ಲ. ಒಬ್ಬ ಮನುಷ್ಯ ಬೇಕು ಅಂತ.

ಕ್ಷೇತ್ರ ಮರುವಿಂಗಡಣೆಯಲ್ಲಿ ಧೂಮಾಕೋಟ್ ಮಾಯವಾಗಿತ್ತು. ಖಂಡೂರಿ ಕೋಟ್‌ದ್ವಾರಕ್ಕೆ ಬಂದರು. ಬೆಟ್ಟ ಶುರುವಾಗೋ ಕಡೆ ಇರೋ ಊರು, ಗಢವಾಲ್‌ನ ಬಾಗಿಲು. ಎದುರಿಗೆ ಕಾಂಗ್ರೆಸ್‌ನ ಸುರೇಂದ್ರ ಸಿಂಗ್ ನೇಗಿ, ಊರಿನ ಮನುಷ್ಯ. ಖಂಡೂರಿ ರಾಜ್ಯವೆಲ್ಲ ಸುತ್ತಿ ಬೇರೆಯವರಿಗೆ ವೋಟು ಕೇಳಿದರು. ಮತದಾನ 2012ರ ಜನವರಿ 30. ಸುವರ್ಣ ಚತುಷ್ಪಥ ಮುಗಿಯಿತು ಅಂತ ದೆಹಲಿಯಲ್ಲಿ ಘೋಷಣೆಯಾದ ತಿಂಗಳೇ ಅದು.

ಮಾರ್ಚ್ 6ರಂದು ಫಲಿತಾಂಶ. 70 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 32, ಬಿಜೆಪಿಗೆ 31. ಒಂದೇ ಒಂದು ಸೀಟಿನ ವ್ಯತ್ಯಾಸ. ಕೋಟ್‌ದ್ವಾರದಲ್ಲಿ ಖಂಡೂರಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ವೋಟಿನಿಂದ ಸೋತಿದ್ದರು. ಅವರ ಹೆಸರಲ್ಲಿ ವೋಟು ಕೇಳಿದ ಪಕ್ಷ ಹೆಚ್ಚುಕಡಿಮೆ ದಡ ಸೇರಿತ್ತು, ಅವರೇ ಮುಳುಗಿದರು. ಆ ಒಂದು ಸೀಟು ಗೆದ್ದಿದ್ದರೆ ಲೆಕ್ಕ 32ಕ್ಕೆ 31 ಉಲ್ಟಾ ಆಗಿರೋದು. ಪಕ್ಷದ ಒಳಗಿನವರೇ ಕಾಲೆಳೆದರು ಅಂತ ಆಗ ಬಹಳ ಮಾತು ಬಂತು. ಮುಂದೆ ಮುಖ್ಯಮಂತ್ರಿ ಆದವರು ಕಾಂಗ್ರೆಸ್‌ನ ವಿಜಯ್ ಬಹುಗುಣ. ಖಂಡೂರಿಯವರಿಗೆ ಸಂಬಂಧದಲ್ಲಿ ಸೋದರಮಾವನ ಮಗ!

ಲೋಕಾಯುಕ್ತ ಕಾಯ್ದೆ? ಅದು ಜಾರಿಗೆ ಬರಲೇ ಇಲ್ಲ. ಮುಂದಿನ ಸರಕಾರ ಅದನ್ನು ಬದಿಗಿಟ್ಟು ತನ್ನದೇ ಬೇರೆ ಕಾಯ್ದೆ ಮಾಡಿತು. ಮುಂದೆ ಖಂಡೂರಿಯವರ ಪಕ್ಷವೇ ಅಧಿಕಾರಕ್ಕೆ ಬಂದಾಗಲೂ ಮಸೂದೆ ಸಮಿತಿಗೆ ಹೋಗಿ ಕೂತಿತು. ಇನ್ನೊಂದು ಕಡೆ, ಅದೇ ಖಂಡೂರಿ ಕಾಲದಲ್ಲಿ ಬಂದ 108 ಗಾಡಿ ಓಡ್ತಾನೇ ಇತ್ತು. ಜನಕ್ಕೆ ನಂಬರ್ ಬಾಯಿಗೆ ಬಂದಮೇಲೆ ಯಾವ ಸರಕಾರಕ್ಕೂ ಅದನ್ನು ನಿಲ್ಲಿಸೋ ಧೈರ್ಯ ಇರಲ್ಲ.

ಈಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ರಸ್ತೆ ಉಳಿಯಿತು, ಯಾಕಂದ್ರೆ ಅದರ ದುಡ್ಡು ಕಾನೂನಿನಲ್ಲಿತ್ತು, ಅದನ್ನು ಕಟ್ಟೋ ಸಂಸ್ಥೆ ಇತ್ತು. 108 ಉಳಿಯಿತು, ಯಾಕಂದ್ರೆ ಜನ ಅದನ್ನು ತಮ್ಮದು ಮಾಡಿಕೊಂಡರು. ಲೋಕಾಯುಕ್ತ ಹೋಯ್ತು, ಯಾಕಂದ್ರೆ ಅದನ್ನು ಹಿಡಿದು ನಿಂತಿದ್ದು ಖಂಡೂರಿ ಒಬ್ಬರೇ. ಅವರು ಸೋತ ದಿನ ಅದೂ ಸೋತಿತು. ನಮ್ಮ ಕರ್ನಾಟಕದಲ್ಲೂ 2016ರಲ್ಲಿ ಎಸಿಬಿ ಮಾಡಿ ಲೋಕಾಯುಕ್ತದ ಹಲ್ಲು ಕಿತ್ತರು. ಆದ್ರೆ ಅದು 1980ರ ದಶಕದಿಂದ ಬೇರು ಬಿಟ್ಟಿದ್ದ ಸಂಸ್ಥೆ. ಕೋರ್ಟಿಗೆ ಹೋಗೋಕೆ ಜನ ಇದ್ದರು, 2022ರಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿತು. ಹಳೇ ಮರ ಕಡಿದ್ರೂ ಚಿಗುರುತ್ತೆ. ನಿನ್ನೆ ನೆಟ್ಟ ಸಸಿಗೆ ಬೇಲಿ ಬೇಕು.

ಆಮೇಲಿನ ಕಥೆ ಬೇಗ ಹೇಳ್ತೀನಿ. 2014ರಲ್ಲಿ, 80ರ ಹತ್ತಿರದ ವಯಸ್ಸಲ್ಲಿ, ಅವರು ಮತ್ತೆ ಲೋಕಸಭೆಗೆ ಗೆದ್ದರು. ರಕ್ಷಣಾ ಸ್ಥಾಯಿ ಸಮಿತಿಯ ಅಧ್ಯಕ್ಷರಾದರು. 2018ರ ಮಾರ್ಚ್‌ನಲ್ಲಿ ಆ ಸಮಿತಿ ಕೊಟ್ಟ ವರದಿಯಲ್ಲಿ, ಸೈನ್ಯದ ಸಲಕರಣೆಯಲ್ಲಿ ಶೇ. 68ರಷ್ಟು ಹಳೇ ಕಾಲದ್ದು ಅಂತ ಸೈನ್ಯವೇ ಹೇಳಿದ ಮಾತು ದಾಖಲಾಯಿತು. ಸರಕಾರ ಅವರ ಪಕ್ಷದ್ದೇ. ಆದ್ರೂ ಬರೆದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಸ್ಥಾನ ಕಲ್‌ರಾಜ್ ಮಿಶ್ರಾ ಅವರಿಗೆ ಹೋಯ್ತು. ಎರಡಕ್ಕೂ ಸಂಬಂಧ ಇದೆ ಅಂತ ವಿರೋಧ ಪಕ್ಷದವರು ಹೇಳಿದರು. 2019ರಲ್ಲಿ ಖಂಡೂರಿ ನಿಲ್ಲಲಿಲ್ಲ. ಮಗ ಮನೀಶ್ ಕಾಂಗ್ರೆಸ್‌ನಿಂದ ಗಢವಾಲ್‌ನಲ್ಲಿ ನಿಂತು ಸೋತರು. ಮಗಳು ಋತು ಖಂಡೂರಿ ಭೂಷಣ್ 2022ರಲ್ಲಿ ಅದೇ ಕೋಟ್‌ದ್ವಾರದಲ್ಲಿ, ಅದೇ ಸುರೇಂದ್ರ ಸಿಂಗ್ ನೇಗಿ ಎದುರು ಗೆದ್ದು, ಉತ್ತರಾಖಂಡ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಸಿನಿಮಾದಲ್ಲಿ ಹಾಕಿದ್ರೆ ಸಾಕು ಮಾಡಿ ಅನ್ನಬಹುದು, ಹಾಗಿದೆ. ವಂಶದ ರಾಜಕೀಯ ಅಂತಲೂ ಅನ್ನಬಹುದು, ತಪ್ಪಿಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. 2011ರ ಜನಗಣತಿಯಲ್ಲಿ ಪೌಡಿ ಗಢವಾಲ್ ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಕಡಿಮೆಯಾಗಿತ್ತು. ಅಲ್ಮೋರಾದ್ದೂ ಹಾಗೇ. ದೇಶವೆಲ್ಲ ಜನ ಹೆಚ್ಚಾಗುವಾಗ ಅಲ್ಲಿ ಕಡಿಮೆ. ಓದಿದವರು ದೆಹಲಿ, ನೋಯ್ಡಾ, ಮುಂಬೈಗೆ ಹೋದರು. ಬೀಗ ಹಾಕಿದ ಮನೆಗಳು, ಮುದುಕರಷ್ಟೇ ಇರೋ ಊರುಗಳು. ಊರು ಬಿಟ್ಟವರು ಫೋನ್‌ನಲ್ಲಿ ‘ನಮ್ಮ ಜನರಲ್ ಸಾಹೇಬರು ಗೆಲ್ಲಬೇಕು’ ಅಂದಿರಬಹುದು. ವೋಟು ಹಾಕೋದು ಊರಲ್ಲಿ ಇದ್ದವರು. ಟೀಚರ್ ಮಗಳ ವರ್ಗಾವಣೆ, ಪಿಂಚಣಿ, ನೀರಿನ ಪೈಪು ಇವನ್ನು ಯಾರು ಕೇಳಿಸಿಕೊಳ್ತಾರೋ ಅವರಿಗೆ ವೋಟು. ಅವರದ್ದು ತಪ್ಪು ಅನ್ನೋ ಹಕ್ಕು ನನಗಂತೂ ಇಲ್ಲ.

ಯಾಕಂದ್ರೆ ನನ್ನ ವೋಟರ್ ಐಡಿ ಇನ್ನೂ ದಾವಣಗೆರೆಯದು. ಹಿಂದಿನ ವಿಧಾನಸಭಾ ಚುನಾವಣೆಗೆ ನಾನು ಹೋಗಲಿಲ್ಲ. ರಿಲೀಸ್ ಇತ್ತು, ರಜೆ ಸಿಗಲಿಲ್ಲ ಅಂತ ಎಲ್ಲರಿಗೂ ಹೇಳಿದೆ. ನಿಜ ಏನಂದ್ರೆ ನಾನು ರಜೆ ಕೇಳಲೇ ಇಲ್ಲ. ಪುಣೆಯಲ್ಲೂ ಹೆಸರು ಸೇರಿಸಿಲ್ಲ, ಇಲ್ಲಿಯ ಕಾರ್ಪೊರೇಟರ್ ಯಾರು ಅಂತ ಗೊತ್ತಿಲ್ಲ. ಇಂಥ ನಾನು ಕ್ಯಾಂಟೀನ್‌ನಲ್ಲಿ ಕೂತು ಮಿಲಿಟರಿಯವರು ಬರಬೇಕು ಅಂತೀನಿ. ಅದರ ಅರ್ಥ ಏನು? ಒಬ್ಬ ಒಳ್ಳೆಯವನು ಬಂದು ಎಲ್ಲ ಮಾಡಲಿ, ನನ್ನನ್ನು ಮಾತ್ರ ಕರೀಬೇಡಿ ಅಂತ.

ನಾವು ಹೋಗೋ ದಾರಿಯಲ್ಲೇ ಇದಕ್ಕೊಂದು ಸಾಕ್ಷಿ ಇದೆ. ಪುಣೆ-ಬೆಂಗಳೂರು ರಸ್ತೆ ಎಲ್ಲ ಕಡೆ ಅಗಲ ಆದಮೇಲೂ ಹುಬ್ಬಳ್ಳಿ-ಧಾರವಾಡ ಬೈಪಾಸ್‌ನ 30 ಕಿಲೋಮೀಟರ್‌ನಷ್ಟು ಮಾತ್ರ ಎರಡೇ ಪಥವಾಗಿ ಉಳಿದಿತ್ತು. ಅದನ್ನು ಮೊದಲೇ ಖಾಸಗಿಯವರಿಗೆ ಟೋಲ್ ಗುತ್ತಿಗೆ ಕೊಟ್ಟಾಗಿತ್ತು. ವರ್ಷಗಟ್ಟಲೆ ಜನ ಸತ್ತರು. 2021ರ ಸಂಕ್ರಾಂತಿ ಮರುದಿನ ಇಟಿಗಟ್ಟಿ ಹತ್ರ ಅಪಘಾತದಲ್ಲಿ ಹತ್ತಕ್ಕೂ ಹೆಚ್ಚು ಜನ ಹೋದರು. ಬಹಳಷ್ಟು ಜನ ನಮ್ಮ ದಾವಣಗೆರೆಯ ಹೆಣ್ಣುಮಕ್ಕಳು, ಒಟ್ಟಿಗೆ ಗೋವಾಕ್ಕೆ ಹೊರಟಿದ್ದವರು. ಮನೆಯವರು ಬೀದಿಗೆ ಬಂದು ಕೂತರು, ಕೋರ್ಟಿಗೆ ಹೋದರು, ಬಿಡದೆ ಕೇಳಿದರು. ಮರುವರ್ಷ ಆರು ಪಥಕ್ಕೆ ಶಂಕುಸ್ಥಾಪನೆ ಆಯ್ತು. ಅಲ್ಲಿ ಯಾವ ಜನರಲ್ಲೂ ಬರಲಿಲ್ಲ. ಕೇಳಿದವರು ನಮ್ಮಂಥವರೇ.

ಖಂಡೂರಿಯವರ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ, ಈ ಮಾತು ತಯಾರು ಮಾಡ್ತಾ ಇನ್ನೂ ಹೆಚ್ಚಾಯ್ತು. ಆದ್ರೆ ‘ಖಂಡೂರಿ ಹೈ ಜರೂರಿ’ ಅನ್ನೋ ಘೋಷಣೆಯನ್ನು ನಾನು ಒಪ್ಪಲ್ಲ. ಅವರು ಬಿಟ್ಟುಹೋದ ಮೇಲೂ ನಡೆಯೋ ಅಂಥದ್ದು ಏನಿದೆಯೋ ಅದು ಜರೂರಿ. ಅದನ್ನು ಕಾಯೋಕೆ ನಾವು ಜರೂರಿ.

ನಾನು ಈ ತಿಂಗಳು ಫಾರಂ 8 ತುಂಬಿದ್ದೀನಿ, ಪುಣೆಯಲ್ಲೇ. ನೀವು ಊರಿಂದು ಇಟ್ಟುಕೊಳ್ತೀರೋ, ಇದ್ದಲ್ಲಿ ಮಾಡಿಸ್ತೀರೋ, ನಿಮಗೆ ಬಿಟ್ಟಿದ್ದು. ಎರಡೂ ಇಲ್ಲ ಅನ್ನೋದು ಮಾತ್ರ ಬೇಡ. ಊರಿಂದು ಅಂದ್ರೆ, ಮತದಾನದ ಹಿಂದಿನ ರಾತ್ರಿ ವಾಕಡ್ ಬ್ರಿಜ್ ಹತ್ರ ಬಸ್ ಇದ್ದೇ ಇರುತ್ತೆ. ರಸ್ತೆ ಚೆನ್ನಾಗಿದೆ.